ಹೆಸರುಗಳ ಗೋಡೆಯಿಂದ ಅಳಿದ ಕಾಡಿನವರೆಗೆ: ಮಾಯಾ ಲಿನ್ ಅವರ ಕಲಾಜೀವನ

ಪ್ರವೇಶ

ಅಮೆರಿಕದ ರಾಜಧಾನಿ ವಾಷಿಂಗ್ಟನ್ ನಗರದ ಹುಲ್ಲುಬಯಲೊಂದರಲ್ಲಿ ನೆಲವನ್ನು ಸೀಳಿ ನಿಲ್ಲಿಸಿದಂತಿರುವ ಒಂದು ಕಪ್ಪುಗೋಡೆಯಿದೆ. ಅದರ ಮೇಲೆ ವಿಗ್ರಹವಿಲ್ಲ, ಉಬ್ಬುಶಿಲ್ಪವಿಲ್ಲ, ಯುದ್ಧದ ಚಿತ್ರವಿಲ್ಲ. ಮೊದಲಲ್ಲಿಯೂ ಕೊನೆಯಲ್ಲಿಯೂ ಕೆಲವೇ ಸಾಲುಗಳ ಒಕ್ಕಣೆಯನ್ನು ಬಿಟ್ಟರೆ ಅಲ್ಲಿರುವುದು ಹೆಸರುಗಳು ಮಾತ್ರ. ವಿಯೆಟ್ನಾಂ ಯುದ್ಧದಲ್ಲಿ ಮಡಿದ ಮತ್ತು ಕಾಣೆಯಾದ 58,000ಕ್ಕೂ ಹೆಚ್ಚು ಅಮೆರಿಕನ್ನರ ಹೆಸರುಗಳು ಅವು. ಈ ಸ್ಮಾರಕದ ವಿನ್ಯಾಸವನ್ನು ರೂಪಿಸಿದಾಗ ಮಾಯಾ ಲಿನ್ ಅವರಿಗೆ 21 ವರ್ಷ. ಅವರು ಇನ್ನೂ ಪದವಿ ತರಗತಿಯ ವಿದ್ಯಾರ್ಥಿನಿಯಾಗಿದ್ದರು.

ಕನ್ನಡ ಐಚ್ಛಿಕ ವಿದ್ಯಾರ್ಥಿಗಳು ಅಮೆರಿಕದ ಕಲಾವಿದೆಯೊಬ್ಬರ ಬದುಕನ್ನು ಅಭ್ಯಸಿಸುವುದಕ್ಕೆ ಎರಡು ಕಾರಣಗಳುಂಟು. ಆ ಗೋಡೆಯ ಕಪ್ಪುಶಿಲೆ ಬೆಂಗಳೂರಿನ ಕಡೆಯ ಗಣಿಗಳಿಂದ ಹೋದದ್ದು ಎಂಬುದು ಒಂದು. ಕಲ್ಲಿನ ಮೇಲೆ ಅಕ್ಷರ ಕೆತ್ತಿ ಸತ್ತವರನ್ನು ನೆನೆಯುವ ಕ್ರಮ ಕನ್ನಡ ಸಾಹಿತ್ಯಚರಿತ್ರೆಯ ಆರಂಭದ ಪಾಠಗಳಲ್ಲೇ ಬರುತ್ತದೆ ಎಂಬುದು ಇನ್ನೊಂದು. ಶಾಸನವನ್ನು ಓದಿ ಬಲ್ಲವರು ಮಾಯಾ ಲಿನ್ ಅವರ ಕೃತಿಗಳನ್ನೂ ಓದಬಲ್ಲರು. ಅವರ ಕಲೆ ನೋಡುವುದಕ್ಕೆ ಎಷ್ಟು ಸೇರಿದ್ದೋ ಓದುವುದಕ್ಕೂ ಅಷ್ಟೇ ಸೇರಿದ್ದು. ವಿಶೇಷಣಗಳನ್ನು ಕೈಬಿಟ್ಟು, ಕೇವಲ ಪಟ್ಟಿಯನ್ನೂ ಅದರ ಕ್ರಮವನ್ನೂ ನಂಬಿ, ಉಳಿದ ಅರ್ಥವನ್ನು ನೋಡುವವರಿಗೆ ಬಿಡುವುದು ಅವರ ರೀತಿ. ನಾಲ್ಕು ದಶಕಗಳ ಅವರ ಕಲಾಜೀವನದಲ್ಲಿ ಈ ರೀತಿ ಹೇಗೆ ಬೆಳೆಯಿತೆಂಬುದನ್ನು ಗುರುತಿಸುವುದು ಈ ಲೇಖನದ ಉದ್ದೇಶ.

ಮನೆ ಮತ್ತು ವಿದ್ಯಾಭ್ಯಾಸ

ಮಾಯಾ ಲಿನ್ ಅವರು ಹುಟ್ಟಿದ್ದು 1959ರ ಅಕ್ಟೋಬರ್ 5ರಂದು, ಓಹಿಯೊ ರಾಜ್ಯದ ಅಥೆನ್ಸ್ ಎಂಬ ಚಿಕ್ಕ ಊರಿನಲ್ಲಿ. ತಂದೆ ಹೆನ್ರಿ ಹುವಾನ್ ಲಿನ್ ಮತ್ತು ತಾಯಿ ಜೂಲಿಯಾ ಚಾಂಗ್ ಲಿನ್ 1940ರ ದಶಕದ ಕೊನೆಯಲ್ಲಿ ಚೀನಾ ಬಿಟ್ಟು ಅಮೆರಿಕಕ್ಕೆ ಬಂದವರು. ತಂದೆ ಮಣ್ಣಿನ ಕಲಾಪಾತ್ರೆಗಳ ರಚನೆಯಲ್ಲಿ ನುರಿತವರಾಗಿದ್ದು, ಓಹಿಯೊ ವಿಶ್ವವಿದ್ಯಾಲಯದ ಲಲಿತಕಲಾ ವಿಭಾಗದ ಡೀನ್ ಆಗಿದ್ದರು. ತಾಯಿ ಕವಯಿತ್ರಿ, ಅದೇ ವಿಶ್ವವಿದ್ಯಾಲಯದಲ್ಲಿ ಸಾಹಿತ್ಯದ ಅಧ್ಯಾಪಕಿಯಾಗಿದ್ದು ಆಧುನಿಕ ಚೀನೀ ಕಾವ್ಯದ ಕುರಿತು ವಿದ್ವತ್ಕೃತಿ ಬರೆದವರು. ಅಣ್ಣ ತಾನ್ ಲಿನ್ ಕೂಡ ಕವಿ. ಜೇಡಿಮಣ್ಣೂ ಕಾವ್ಯವೂ ಒಂದೇ ಸೂರಿನಡಿಯಲ್ಲಿದ್ದ ಮನೆ ಅದು. ಮುಂದೆ ಮಾಯಾ ಲಿನ್ ಅವರ ಕೃತಿಗಳಲ್ಲಿ ನೆಲ ಮತ್ತು ಮಾತು ಬೆರೆತು ಬರುವುದಕ್ಕೆ ಈ ಮನೆಯ ವಾತಾವರಣವೂ ಒಂದು ಮೂಲವೆನ್ನಬಹುದು.

ತಂದೆಯ ಮಲಸಹೋದರಿ ಲಿನ್ ಹುಯಿಯಿನ್ ಆಧುನಿಕ ಚೀನಾದ ಮೊದಲ ಮಹಿಳಾ ವಾಸ್ತುಶಿಲ್ಪಿಯೆಂದು ಹೆಸರಾದವರು, ಕವಯಿತ್ರಿಯೂ ಹೌದು. 1924ರಲ್ಲಿ ರವೀಂದ್ರನಾಥ ಠಾಕೂರರು ಚೀನಾ ಪ್ರವಾಸ ಕೈಗೊಂಡಾಗ ಬೀಜಿಂಗ್‌ನಲ್ಲಿ ಆಡಿದ ಅವರ 'ಚಿತ್ರಾ' ನಾಟಕದಲ್ಲಿ ನಾಯಿಕೆಯ ಪಾತ್ರ ವಹಿಸಿದವರು ಇವರೇ. ಬೀಜಿಂಗ್‌ನ ಜನವೀರರ ಸ್ಮಾರಕದ ವಿನ್ಯಾಸದಲ್ಲಿಯೂ ಅವರು ಪಾಲ್ಗೊಂಡಿದ್ದರು. ಅಮೆರಿಕದಲ್ಲಿ ಬೆಳೆದ ಮಾಯಾ ಲಿನ್ ಅವರಿಗೆ ಚೀನೀ ಭಾಷೆ ಬರಲಿಲ್ಲ. ತಂದೆತಾಯಿಯ ಭಾಷೆ ಮಕ್ಕಳ ಕಾಲಕ್ಕೆ ಮನೆಯಿಂದ ಜಾರಿತ್ತು. ತಮ್ಮೊಳಗಿನ ಪೂರ್ವದೇಶದ ಅಂಶವನ್ನು ಅವರು ಕಂಡುಕೊಂಡದ್ದು ದೊಡ್ಡವರಾದ ಮೇಲೆ, ಬಹುಮಟ್ಟಿಗೆ ತಮ್ಮ ಕಲೆಯ ಮೂಲಕವೇ.

ಯೇಲ್ ವಿಶ್ವವಿದ್ಯಾಲಯಕ್ಕೆ ಸೇರಿದ ಮೇಲೆ ವಾಸ್ತುಶಿಲ್ಪ ಅವರ ಆಯ್ಕೆಯಾಯಿತು. ಅಲ್ಲಿನ ವೂಲ್ಸಿ ಸಭಾಭವನಕ್ಕೆ ಹೋಗುವ ಮೊಗಸಾಲೆಯ ಅಮೃತಶಿಲೆಯ ಗೋಡೆಗಳ ಮೇಲೆ, ಯುದ್ಧಗಳಲ್ಲಿ ಮಡಿದ ಯೇಲ್ ವಿದ್ಯಾರ್ಥಿಗಳ ಹೆಸರುಗಳನ್ನು ಕೆತ್ತಲಾಗಿದೆ. ಹಾದುಹೋಗುವಾಗ ಆ ಹೆಸರುಗಳನ್ನು ಬೆರಳಿನಿಂದ ಮುಟ್ಟದೆ ಇರಲಾಗುತ್ತಿರಲಿಲ್ಲ ಎಂಬ ಅನುಭವವನ್ನು ಅವರು ಮುಂದೆ ನೆನೆದಿದ್ದಾರೆ. ಫ್ರಾನ್ಸಿನ ಥಿಯೆಪ್ವಾಲ್‌ನಲ್ಲಿರುವ ಸ್ಮಾರಕವೂ ಅವರ ಮನಸ್ಸಿನಲ್ಲಿ ನಿಂತಿತು. ಮೊದಲನೆಯ ಮಹಾಯುದ್ಧದ ಸೋಮ್ ಕಾಳಗದಲ್ಲಿ ದೇಹವೂ ಸಿಗದೆ ಹೋದ 72,000ಕ್ಕೂ ಹೆಚ್ಚು ಸೈನಿಕರ ಹೆಸರುಗಳು ಅಲ್ಲಿವೆ. ಅದರ ವಾಸ್ತುಶಿಲ್ಪಿ ಎಡ್ವಿನ್ ಲುಟಿಯೆನ್ಸ್. ದೆಹಲಿಯ ಇಂಡಿಯಾ ಗೇಟ್ ಅನ್ನು ರೂಪಿಸಿದವರೂ ಅವರೇ. ಅದರ ಗೋಡೆಗಳ ಮೇಲೂ ಸತ್ತ ಸೈನಿಕರ ಹೆಸರುಗಳಿವೆ.

ಸ್ಪರ್ಧೆ ಮತ್ತು ಒಂದು ಪುಟದ ಬರಹ

ವಿಯೆಟ್ನಾಂ ಯುದ್ಧ 1975ರಲ್ಲಿ ಮುಗಿದಾಗ ಅಮೆರಿಕದ ಸಮಾಜ ಒಳಗೊಳಗೇ ಒಡೆದಿತ್ತು. ಯುದ್ಧವನ್ನು ವಿರೋಧಿಸಿದವರು ಒಂದೆಡೆ, ಬೆಂಬಲಿಸಿದವರು ಇನ್ನೊಂದೆಡೆ. ಇವರ ನಡುವೆ ಮನೆಗೆ ಮರಳಿದ ಸೈನಿಕರಿಗೆ ಸ್ವಾಗತವೂ ಇಲ್ಲ, ಸಾಂತ್ವನವೂ ಇಲ್ಲ ಎಂಬ ಸ್ಥಿತಿ. ಆ ಯುದ್ಧದಲ್ಲಿ ಗಾಯಗೊಂಡಿದ್ದ ಜಾನ್ ಸ್ಕ್ರಗ್ಸ್ ಎಂಬ ಮಾಜಿ ಸೈನಿಕರು 1979ರಲ್ಲಿ ಸ್ಮಾರಕ ನಿಧಿಯೊಂದನ್ನು ಆರಂಭಿಸಿದರು. ಸರ್ಕಾರ ಜಾಗವನ್ನು ಕೊಟ್ಟಿತು. ಹಣ ಜನರಿಂದ ಬಂತು. ವಿನ್ಯಾಸಕ್ಕಾಗಿ ಮುಕ್ತ ಸ್ಪರ್ಧೆ ಏರ್ಪಟ್ಟಿತು. ಅದರ ನಿಬಂಧನೆಗಳು ನಾಲ್ಕು: ಸ್ಮಾರಕವು ಮನನಕ್ಕೆ ಅವಕಾಶ ಕೊಡಬೇಕು, ಸುತ್ತಲಿನ ಪರಿಸರಕ್ಕೆ ಹೊಂದಿಕೊಳ್ಳಬೇಕು, ಸತ್ತವರ ಮತ್ತು ಕಾಣೆಯಾದವರ ಎಲ್ಲ ಹೆಸರುಗಳನ್ನೂ ಒಳಗೊಳ್ಳಬೇಕು, ಯುದ್ಧ ಸರಿಯೆಂದಾಗಲಿ ತಪ್ಪೆಂದಾಗಲಿ ರಾಜಕೀಯ ಮಾತನ್ನು ಆಡಬಾರದು.

ಆಗ ಯೇಲ್‌ನಲ್ಲಿ ಮಾಯಾ ಲಿನ್ ಅವರು ಅಂತ್ಯಸಂಸ್ಕಾರಕ್ಕೆ ಸಂಬಂಧಿಸಿದ ವಾಸ್ತುಶಿಲ್ಪವನ್ನು ಕುರಿತ ತರಗತಿಯಲ್ಲಿದ್ದರು. ಈ ಸ್ಪರ್ಧೆಯೇ ಆ ತರಗತಿಯ ಅಭ್ಯಾಸವಾಯಿತು. 1980ರ ನವೆಂಬರ್‌ನಲ್ಲಿ ಅವರು ಆ ಜಾಗವನ್ನು ನೋಡಲು ಹೋದರು. ಚಾಕುವಿನಿಂದ ನೆಲವನ್ನು ಕೊಯ್ದು ತೆರೆಯಬೇಕು; ಮೊದಲಿಗೆ ಅದು ಗಾಯವಾಗಿ ಕಾಣಬೇಕು; ಕಾಲ ಕಳೆದಂತೆ ಹುಲ್ಲು ಬೆಳೆದು ಮಾಗಬೇಕು; ಕೊಯ್ದ ಅಂಚು ಮಾತ್ರ ಹೊಳಪಿನ ಮೇಲ್ಮೈಯಾಗಿ ಉಳಿಯಬೇಕು. ಅಲ್ಲಿ ನಿಂತಾಗಲೇ ಅವರಿಗೆ ಹೊಳೆದ ಕಲ್ಪನೆ ಇದು. ಊಟದ ಮನೆಯಲ್ಲಿ ನುರಿದ ಆಲೂಗಡ್ಡೆಯಿಂದ ಅದರ ಮೊದಲ ಮಾದರಿಯನ್ನು ಮಾಡಿದರೆಂಬ ಸಂಗತಿಯನ್ನೂ ಅವರೇ ಹೇಳಿಕೊಂಡಿದ್ದಾರೆ.

ಭಾಷಾ ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕಾದ ಅಂಶವೊಂದು ಇಲ್ಲಿದೆ. ಸ್ಪರ್ಧೆಗೆ ಚಿತ್ರಗಳ ಜೊತೆಗೆ ವಿವರಣೆಯ ಬರಹವನ್ನೂ ಕಳುಹಿಸಬೇಕಿತ್ತು. ಲಿನ್ ಅವರ ಚಿತ್ರಗಳು ಮೆದುಬಣ್ಣದ ಕಡ್ಡಿಯಿಂದ ಬರೆದ, ತೀರ ಸರಳವಾದ ಆಕೃತಿಗಳು. ಅವುಗಳಿಂದಲೇ ಇಡೀ ಕಲ್ಪನೆ ತಿಳಿಯುವಂತಿರಲಿಲ್ಲ. ಆದ್ದರಿಂದ ಬರಹವೇ ವಿನ್ಯಾಸದ ಭಾರವನ್ನು ಹೊರಬೇಕಾಯಿತು. ಸ್ಮಾರಕವನ್ನು ರೂಪಿಸಲು ಹಿಡಿದ ಕಾಲಕ್ಕಿಂತ ಆ ಬರಹವನ್ನು ಸಿದ್ಧಪಡಿಸಲು ಹಿಡಿದ ಕಾಲವೇ ಹೆಚ್ಚೆಂದು ಅವರು 2000ದಲ್ಲಿ ಪ್ರಕಟವಾದ ತಮ್ಮ 'ಬೌಂಡರೀಸ್' ಎಂಬ ಪುಸ್ತಕದಲ್ಲಿ ತಿಳಿಸಿದ್ದಾರೆ. ನೋಡುವವನು ಆ ಜಾಗಕ್ಕೆ ನಡೆದು ಬರುವ ಕ್ರಮದಲ್ಲಿಯೇ ಬರಹವೂ ನಡೆಯುತ್ತದೆ: ಬಯಲು, ಇಳಿಜಾರು, ಗೋಡೆ, ಹೆಸರು, ಮೌನ. ಸ್ಪರ್ಧೆಗೆ ಬಂದ 1,421 ವಿನ್ಯಾಸಗಳಲ್ಲಿ ಅವರದು 1026ನೆಯ ಸಂಖ್ಯೆಯದು. ತೀರ್ಪುಗಾರರಿಗೆ ಸಂಖ್ಯೆಯ ಹೊರತು ಯಾರ ಹೆಸರೂ ತಿಳಿದಿರಲಿಲ್ಲ. ಹೆಸರುಗಳ ಸ್ಮಾರಕವೊಂದು ಹೆಸರಿಲ್ಲದ ಸ್ಪರ್ಧಿಯ ಕೃತಿಯಾಗಿ 1981ರ ಮೇ ತಿಂಗಳಲ್ಲಿ ಆಯ್ಕೆಯಾಯಿತು.

ಗೋಡೆಯ ರಚನೆ: ಕ್ರಮವೇ ಅರ್ಥ

ಎರಡು ಗೋಡೆಗಳು, ಒಂದೊಂದೂ ಸುಮಾರು 75 ಮೀಟರ್ ಉದ್ದ, ಸುಮಾರು 125 ಅಂಶಗಳ ಕೋನದಲ್ಲಿ ಕೂಡುತ್ತವೆ. ಕೂಡುವ ಸಂಧಿಯಲ್ಲಿ ಗೋಡೆಯ ಎತ್ತರ ಹತ್ತು ಅಡಿಗಿಂತ ತುಸು ಹೆಚ್ಚು. ಎರಡೂ ತುದಿಗಳಲ್ಲಿ ಅದು ತಗ್ಗುತ್ತ ತಗ್ಗುತ್ತ ನೆಲದಲ್ಲಿ ಲೀನವಾಗುತ್ತದೆ. ಒಂದು ತೋಳು ವಾಷಿಂಗ್ಟನ್ ಸ್ತಂಭದ ಕಡೆಗೆ, ಇನ್ನೊಂದು ಲಿಂಕನ್ ಸ್ಮಾರಕದ ಕಡೆಗೆ ಚಾಚಿದೆ. ನಡೆದು ಬರುವವರು ತಿಳಿಯದೆಯೇ ನೆಲಮಟ್ಟದಿಂದ ಕೆಳಗೆ ಇಳಿಯುತ್ತಾರೆ. ಕಾಲಿನ ಮಟ್ಟದಲ್ಲಿದ್ದ ಹೆಸರುಗಳು ಮೊಣಕಾಲಿಗೆ, ಎದೆಗೆ, ಕೊನೆಗೆ ತಲೆಯ ಮೇಲಕ್ಕೆ ಏರುತ್ತವೆ.

ಹೆಸರುಗಳನ್ನು ಯಾವ ಕ್ರಮದಲ್ಲಿ ಕೆತ್ತಬೇಕೆಂಬುದು ದೊಡ್ಡ ಚರ್ಚೆಯಾಯಿತು. ಅಕಾರಾದಿಯಾಗಿರಲಿ, ಹುಡುಕುವುದು ಸುಲಭ ಎಂದು ಹಲವರು ಬಯಸಿದರು. ಮರಣದ ದಿನಾಂಕದ ಕ್ರಮವೇ ಬೇಕೆಂದು ಲಿನ್ ಅವರು ಪಟ್ಟುಹಿಡಿದರು. ಸ್ಮಿತ್ ಎಂಬ ಕುಲನಾಮದವರೇ 600ಕ್ಕೂ ಹೆಚ್ಚು ಜನರಿದ್ದರು. ಅಕಾರಾದಿಯಲ್ಲಿ ಅವರೆಲ್ಲ ಒಂದೇ ಕಡೆ ಸೇರಿದ್ದರೆ ಗೋಡೆ ದೂರವಾಣಿ ಪುಸ್ತಕದ ಪುಟವಾಗುತ್ತಿತ್ತು. ಮಗನನ್ನು ಹುಡುಕಿ ಬಂದ ತಾಯಿಗೆ ಅವನು ನೂರಾರು ಸಮಾನನಾಮಧೇಯರ ನಡುವೆ ಕಳೆದುಹೋಗುತ್ತಿದ್ದ. ದಿನಾಂಕದ ಕ್ರಮದಲ್ಲಿ ಒಂದೇ ದಿನ, ಒಂದೇ ಕಾಳಗದಲ್ಲಿ ಬಿದ್ದವರು ಅಕ್ಕಪಕ್ಕದಲ್ಲಿ ಉಳಿಯುತ್ತಾರೆ. ಬದುಕುಳಿದ ಸಂಗಾತಿ ಬಂದು ಆ ಸಾಲುಗಳನ್ನು ನೋಡಿದರೆ ತನ್ನ ಯುದ್ಧದ ಆ ದಿನವೇ ಅವನ ಕಣ್ಣೆದುರು ನಿಲ್ಲುತ್ತದೆ.

ಪಟ್ಟಿ ಆರಂಭವಾಗುವುದು ಗೋಡೆಯ ತುದಿಯಲ್ಲಲ್ಲ. ಎರಡು ಗೋಡೆ ಕೂಡುವ ಸಂಧಿಯಲ್ಲಿ. 1959ರಿಂದ ಹೊರಟ ಹೆಸರುಗಳು ಪೂರ್ವದ ತೋಳಿನಲ್ಲಿ ಬಲಕ್ಕೆ ಸಾಗಿ ನೆಲದಲ್ಲಿ ಇಳಿದುಹೋಗುತ್ತವೆ. ಬಳಿಕ ಪಶ್ಚಿಮದ ತುದಿಯಲ್ಲಿ ನೆಲದಿಂದ ಮೇಲೆದ್ದು ಮತ್ತೆ ಸಂಧಿಗೆ ಬಂದು 1975ರಲ್ಲಿ ಮುಗಿಯುತ್ತವೆ. ಮೊದಲ ಸಾವೂ ಕೊನೆಯ ಸಾವೂ ಒಂದನ್ನೊಂದು ತಾಗಿ ನಿಲ್ಲುತ್ತವೆ, ವೃತ್ತ ಪೂರ್ಣವಾಗುತ್ತದೆ. ಸೈನಿಕನ ಪದವಿ, ಊರು, ಪಡೆ, ಪದಕ ಯಾವುದನ್ನೂ ಗೋಡೆ ಹೇಳುವುದಿಲ್ಲ. ಸಾವು ಖಚಿತವಾದವರ ಹೆಸರಿನ ಬಳಿ ವಜ್ರಾಕೃತಿಯ ಚಿಹ್ನೆಯಿದೆ, ಕಾಣೆಯಾದವರ ಬಳಿ ಕೂಡುಗುರುತು. ಕಾಣೆಯಾದವರ ಅವಶೇಷ ದೊರೆತಾಗ ಆ ಕೂಡುಗುರುತನ್ನು ವಜ್ರಾಕೃತಿಯಾಗಿ ಮಾರ್ಪಡಿಸುತ್ತಾರೆ. ಅಕ್ಷರದ ಎತ್ತರ ಅರ್ಧ ಅಂಗುಲಕ್ಕಿಂತ ತುಸು ಹೆಚ್ಚು, ಅಷ್ಟೆ. ಆದ್ದರಿಂದ ಓದಬೇಕೆನ್ನುವವರು ಹತ್ತಿರ ಹೋಗಲೇಬೇಕು.

ಹತ್ತಿರ ಹೋದಾಗ ಕಲ್ಲಿನ ಗುಣ ಕೆಲಸ ಮಾಡುತ್ತದೆ. ಕನ್ನಡಿಯಂತೆ ಹೊಳೆಯುವಷ್ಟು ನಯಮಾಡಬಲ್ಲ ಕಪ್ಪು ಗ್ರಾನೈಟ್ ಸಿಗುತ್ತಿದ್ದುದು ಕೆಲವೇ ದೇಶಗಳಲ್ಲಿ. ಕೆನಡಾ ಮತ್ತು ಸ್ವೀಡನ್‌ಗಳ ಶಿಲೆಯನ್ನು ಕೈಬಿಡಲಾಯಿತು. ಯುದ್ಧಕ್ಕೆ ಹೋಗಲೊಲ್ಲದ ಅಮೆರಿಕನ್ ಯುವಕರು ಆಶ್ರಯ ಪಡೆದ ದೇಶಗಳು ಅವು. ಹೀಗೆ ಬೆಂಗಳೂರಿನ ಶಿಲೆ ಆಯ್ಕೆಯಾಯಿತು. ಅದನ್ನು ವರ್ಮಾಂಟ್ ರಾಜ್ಯದ ಬ್ಯಾರಿಯಲ್ಲಿ ಕತ್ತರಿಸಿ, ಟೆನೆಸಿ ರಾಜ್ಯದ ಮೆಂಫಿಸ್‌ನಲ್ಲಿ ಹೆಸರುಗಳನ್ನು ಕೊರೆದರು. ಓದಲು ನಿಂತವರ ಮುಖ ಆ ಹೆಸರುಗಳ ಹಿಂದೆ ಮೂಡುತ್ತದೆ. ಸತ್ತವರ ಪಟ್ಟಿಯ ಒಳಗೆ ಬದುಕಿರುವವರು ತಮ್ಮನ್ನೇ ಕಾಣುತ್ತಾರೆ.

ವಿವಾದ

ಆಯ್ಕೆಯ ಬೆನ್ನಲ್ಲೇ ಬಿರುಗಾಳಿ ಎದ್ದಿತು. 1981ರ ಅಕ್ಟೋಬರ್‌ನಲ್ಲಿ ಸರ್ಕಾರದ ಲಲಿತಕಲಾ ಆಯೋಗದ ಮುಂದೆ ಟಾಮ್ ಕಾರ್ಹಾರ್ಟ್ ಎಂಬ ಮಾಜಿ ಸೈನಿಕರು ಇದನ್ನು ಅವಮಾನದ ಕಪ್ಪು ಸೀಳು ಎಂಬರ್ಥದ ಮಾತಿನಿಂದ ಖಂಡಿಸಿದರು. ಇತರ ಸ್ಮಾರಕಗಳೆಲ್ಲ ಬಿಳಿಯಾಗಿ ಮೇಲಕ್ಕೆದ್ದಿರುವಾಗ ಇದೊಂದೇ ಕಪ್ಪಾಗಿ ನೆಲದಡಿಗೆ ಇಳಿದಿರುವುದೇಕೆ ಎಂಬುದು ವಿರೋಧಿಗಳ ಪ್ರಶ್ನೆ. ಧನಿಕ ಉದ್ಯಮಿ ರಾಸ್ ಪೆರೋ ಕೂಡ ಅವರ ಜೊತೆ ನಿಂತರು. ಆಂತರಿಕ ಇಲಾಖೆಯ ಕಾರ್ಯದರ್ಶಿ ಜೇಮ್ಸ್ ವಾಟ್ ಕಾಮಗಾರಿಗೆ ಅನುಮತಿ ಕೊಡದೆ ತಡೆದರು. ಕಪ್ಪು ಬಣ್ಣವನ್ನು ಅವಮಾನದ ಬಣ್ಣವೆಂದು ಕರೆಯುವುದು ಇನ್ನು ಸಾಕು ಎಂದು ಸಭೆಯೊಂದರಲ್ಲಿ ಎದ್ದುನಿಂತು ನುಡಿದವರು ಜಾರ್ಜ್ ಪ್ರೈಸ್. ಅವರು ಆಫ್ರಿಕನ್ ಅಮೆರಿಕನ್ ಸೇನಾಧಿಕಾರಿ. ಆ ಮಾತಿನ ಬಳಿಕ ಬಣ್ಣದ ಆಕ್ಷೇಪ ತಣ್ಣಗಾಯಿತು.

ವಿನ್ಯಾಸಕಿಯ ವಯಸ್ಸು, ಹೆಣ್ಣೆಂಬುದು, ಮುಖಚಹರೆ ಕೂಡ ಟೀಕೆಗೆ ಗುರಿಯಾದವು. ಏಷ್ಯಾದ ನೆಲದಲ್ಲಿ ನಡೆದ ಯುದ್ಧಕ್ಕೆ ಏಷ್ಯಾ ಮೂಲದವಳು ಸ್ಮಾರಕ ಕಟ್ಟುವುದೇ ಎಂದು ಕೇಳಿದವರುಂಟು. ಓಹಿಯೊದಲ್ಲಿ ಹುಟ್ಟಿ ಬೆಳೆದವರು ತಾವು ಆ ದೇಶದವರೆಂದು ಸಾಬೀತುಪಡಿಸಬೇಕಾದ ಸಂದರ್ಭವದು. ತಾವು ಹುಟ್ಟಿದ ನೆಲದಲ್ಲೇ ಹೊರಗಿನವರೆಂಬ ಮಾತನ್ನು ಕೇಳಬೇಕಾಗಿ ಬರುವುದು ಗಡಿನಾಡಿನ ಓದುಗರಿಗೆ ಅಪರಿಚಿತ ಸಂಗತಿಯೇನೂ ಅಲ್ಲ. ಲಿನ್ ಅವರು ಉತ್ತರವಾಗಿ ಕೊಟ್ಟದ್ದು ವಿನ್ಯಾಸದ ತರ್ಕವನ್ನು ಮಾತ್ರ.

ಕೊನೆಗೆ ರಾಜಿಯಾಯಿತು. ಧ್ವಜಸ್ತಂಭವೊಂದನ್ನೂ ಮೂವರು ಸೈನಿಕರ ಕಂಚಿನ ಪ್ರತಿಮೆಯನ್ನೂ ಸೇರಿಸಬೇಕೆಂದು ತೀರ್ಮಾನವಾಯಿತು. ಅವನ್ನು ಗೋಡೆಯ ಸಂಧಿಯಲ್ಲೇ ನಿಲ್ಲಿಸಬೇಕೆಂಬ ಬೇಡಿಕೆಯನ್ನು ಲಿನ್ ಅವರು ಕಟುವಾಗಿ ವಿರೋಧಿಸಿದರು. ಕಡೆಗೆ ಅವು ದೂರದಲ್ಲಿ ನಿಂತವು. ಫ್ರೆಡರಿಕ್ ಹಾರ್ಟ್ ಅವರ ಆ ಪ್ರತಿಮೆ 1984ರಲ್ಲಿ ಅನಾವರಣಗೊಂಡಿತು. ಗೋಡೆ ಮಾತ್ರ ಮೂಲ ವಿನ್ಯಾಸದಂತೆಯೇ 1982ರ ನವೆಂಬರ್ 13ರಂದು ಲೋಕಾರ್ಪಣೆಯಾಯಿತು. ಅಂದು ಅದರ ಮೇಲಿದ್ದ ಹೆಸರುಗಳು 57,939.

ವೀರಗಲ್ಲು ಮತ್ತು ಗೋಡೆ

ಗೋಡೆ ತೆರೆದಂದಿನಿಂದ ಅಲ್ಲಿಗೆ ಬಂದ ಜನ ಮಾಡಿದ ಎರಡು ಕೆಲಸಗಳನ್ನು ಯಾರೂ ಯೋಜಿಸಿರಲಿಲ್ಲ. ಹೆಸರಿನ ಮೇಲೆ ಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಿ ಅಚ್ಚು ತೆಗೆದುಕೊಂಡು ಹೋಗತೊಡಗಿದರು. ಕಾಗದ, ಪದಕ, ಬೂಟು, ಹೂವು, ಮಕ್ಕಳ ಆಟಿಕೆ ಮುಂತಾದವನ್ನು ಗೋಡೆಯ ಬುಡದಲ್ಲಿ ಇಟ್ಟು ಹೋಗತೊಡಗಿದರು. ರಾಷ್ಟ್ರೀಯ ಉದ್ಯಾನ ಇಲಾಖೆ ಅವುಗಳನ್ನು ಕೂಡಿಸಿಡುತ್ತ ಬಂದಿದೆ. ಅವುಗಳ ಸಂಖ್ಯೆ ಈಗ ಲಕ್ಷಗಳಲ್ಲಿದೆ. ಶಾಸನಶಾಸ್ತ್ರದ ವಿದ್ಯಾರ್ಥಿಗಳಿಗೆ ಮೊದಲನೆಯ ಕೆಲಸ ಪರಿಚಿತವೇ. ಬಂಡೆಯ ಮೇಲಿನ ಬರಹದ ಪಡಿಯಚ್ಚು ತೆಗೆಯುವುದು ವಿದ್ವಾಂಸನ ಕೆಲಸ. ಇಲ್ಲಿ ಅದನ್ನೇ ತಾಯಿ, ಮಗಳು, ಗೆಳೆಯ ಮಾಡುತ್ತಾರೆ. ಓದಲೆಂದಲ್ಲ, ಮನೆಗೆ ಒಯ್ಯಲೆಂದು.

ಕನ್ನಡನಾಡಿನ ವೀರಗಲ್ಲುಗಳೊಡನೆ ಈ ಗೋಡೆಯನ್ನು ಹೋಲಿಸಿದರೆ ಎರಡರ ಗುಣವೂ ಸ್ಪಷ್ಟವಾಗುತ್ತದೆ. ವೀರಗಲ್ಲಿನ ಪದ್ಧತಿ ನಾಡಿನ ಗಡಿ ಮೀರಿ ಹರಡಿದುದು. ಮರಾಠಿಯವರು 'ವೀರಗಳ' ಎನ್ನುವುದು ಇದನ್ನೇ. ಸಾಮಾನ್ಯವಾಗಿ ಅದರ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವಣ ಪಟ್ಟಿಕೆಯಲ್ಲಿ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ದೇವಸನ್ನಿಧಿ, ತುದಿಯಲ್ಲಿ ಸೂರ್ಯಚಂದ್ರರು. ಬರಹವಿದ್ದರೆ ಆತನ ಒಡೆಯ ಯಾರು, ಯಾವ ಕಾರಣಕ್ಕಾಗಿ ಸತ್ತ, ಯಾವ ಭೂಮಿ ದತ್ತಿಯಾಯಿತು ಎಂಬ ವಿವರ. ಕ್ರಿ.ಶ. 10ನೆಯ ಶತಮಾನದ ನಡುವಿನ ಆತಕೂರು ಶಾಸನ, ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಯನ್ನೂ ಹೆಸರಿಟ್ಟು ನೆನೆಯುತ್ತದೆ. ಬೆಂಗಳೂರು ಎಂಬ ಹೆಸರು ನಮಗೆ ದೊರೆಯುವ ಹಳೆಯ ದಾಖಲೆ ಬೇಗೂರಿನ ಶಾಸನ; ಸುಮಾರು 9ನೆಯ ಶತಮಾನದ ಕೊನೆಯ ಆ ಕಲ್ಲೂ ಬೆಂಗಳೂರ ಕಾಳಗದಲ್ಲಿ ಸತ್ತವರ ನೆನಪಿನದೇ. ಸಾವಿರ ವರ್ಷಗಳ ಬಳಿಕ ಅದೇ ಸೀಮೆಯ ಕಲ್ಲು ಇನ್ನೊಂದು ಯುದ್ಧದ ಸತ್ತವರ ಹೆಸರನ್ನು ಹೊರಲು ಕಡಲು ದಾಟಿತು.

ವೀರಗಲ್ಲು ಸಾವಿಗೆ ಅರ್ಥ ಕೊಡುತ್ತದೆ: ಈತ ತುರು ಕಾಯ್ದ, ಒಡೆಯನ ಋಣ ತೀರಿಸಿದ, ಸ್ವರ್ಗಕ್ಕೆ ಸಂದ. ಮಾಯಾ ಲಿನ್ ಅವರ ಗೋಡೆಯಲ್ಲಿ ಸ್ವರ್ಗವಿಲ್ಲ, ಒಡೆಯನಿಲ್ಲ, ಕಾರಣವಿಲ್ಲ. ಯುದ್ಧದ ಕಾರಣದ ಬಗ್ಗೆಯೇ ನಾಡು ಎರಡಾಗಿದ್ದಾಗ ಆ ಮೇಲಿನ ಪಟ್ಟಿಕೆಯನ್ನು ಕೆತ್ತುವ ಅಧಿಕಾರ ಯಾರಿಗೂ ಇರಲಿಲ್ಲ. ಆಕೆ ಅದನ್ನು ಖಾಲಿ ಬಿಟ್ಟು ಕಲ್ಲನ್ನು ಕನ್ನಡಿಯಾಗಿಸಿದರು. ಕಾವ್ಯಮೀಮಾಂಸೆಯ ಪರಿಭಾಷೆಯಲ್ಲಿ ಹೇಳುವುದಾದರೆ, ವಾಚ್ಯವಾಗಿ ಹೆಸರನ್ನಷ್ಟೇ ಇಟ್ಟು ಉಳಿದೆಲ್ಲವನ್ನೂ ಧ್ವನಿಗೆ ಬಿಟ್ಟರು. ಸಹೃದಯನಿಲ್ಲದೆ ಧ್ವನಿಯಿಲ್ಲವೆಂಬ ಮಾತಿಗೆ ಆ ಗೋಡೆಯ ಮುಂದೆ ನಿಂತ ಜನಸಂದಣಿ ಒಳ್ಳೆಯ ನಿದರ್ಶನ.

ಬಿಟ್ಟುಹೋದ ಹೆಸರುಗಳು

ಪಟ್ಟಿಯೆಂಬುದು ಒಳಗೊಳ್ಳುವಂತೆಯೇ ಹೊರಗಿಡುತ್ತದೆ. ಗೋಡೆಯ ಮೇಲೆ ಎಂಟು ಮಂದಿ ಮಹಿಳೆಯರ ಹೆಸರುಗಳಿವೆ, ಎಲ್ಲರೂ ದಾದಿಯರು. ಸಾವಿರಾರು ಮಹಿಳೆಯರು ಸೇವೆ ಸಲ್ಲಿಸಿದ್ದ ಆ ಯುದ್ಧದ ನೆನಪಿಗೆ ಅವರದೇ ಪ್ರತಿಮೆ ಬೇಕೆಂಬ ಒತ್ತಾಯದಿಂದ 1993ರಲ್ಲಿ ಗ್ಲೆನಾ ಗುಡೇಕರ್ ಅವರ ಶಿಲ್ಪ ಸಮೀಪದಲ್ಲಿ ಬಂತು. ಇದಕ್ಕಿಂತ ದೊಡ್ಡ ಪ್ರಶ್ನೆ ವಿಯೆಟ್ನಾಮೀಯರದು. ಅವರ ಸಾವುಗಳು ಲಕ್ಷಗಟ್ಟಲೆ. ಮೂವತ್ತು ಲಕ್ಷದವರೆಗೂ ಅಂದಾಜುಗಳಿವೆ. ಗೋಡೆಯ ಮೇಲೆ ಅವರಲ್ಲಿ ಒಬ್ಬರ ಹೆಸರೂ ಇಲ್ಲ. ಕ್ರಿಸ್ ಬರ್ಡನ್ ಎಂಬ ಇನ್ನೊಬ್ಬ ಅಮೆರಿಕನ್ ಕಲಾವಿದರು 1991ರಲ್ಲಿ ಇದಕ್ಕೆ ಪ್ರತಿಯಾಗಿ ಒಂದು ಕೃತಿ ರಚಿಸಿದರು. ಕಂಬವೊಂದಕ್ಕೆ ಪುಸ್ತಕದ ಪುಟಗಳಂತೆ ಜೋಡಿಸಿದ ತಾಮ್ರದ ದೊಡ್ಡ ಹಾಳೆಗಳ ಮೇಲೆ ಮೂವತ್ತು ಲಕ್ಷ ವಿಯೆಟ್ನಾಮೀ ಹೆಸರುಗಳು. ನಿಜವಾದ ಪಟ್ಟಿ ಇಲ್ಲದ ಕಾರಣ ದೂರವಾಣಿ ಪುಸ್ತಕಗಳಿಂದ ಹೆಸರುಗಳನ್ನು ತೆಗೆದು ಹಿಂದುಮುಂದಾಗಿ ಕೂಡಿಸಿದ ಕಲ್ಪಿತ ಹೆಸರುಗಳು ಅವು. ಗೆದ್ದವರಿರಲಿ ಸೋತವರಿರಲಿ, ದಾಖಲೆ ಇಟ್ಟುಕೊಳ್ಳಬಲ್ಲವರ ಸತ್ತವರಿಗೆ ಮಾತ್ರ ಹೆಸರುಳಿಯುತ್ತದೆ ಎಂಬ ಕಹಿಸತ್ಯವನ್ನು ಆ ಕೃತಿ ಮುಂದಿಡುತ್ತದೆ. ಲಿನ್ ಅವರ ಗೋಡೆಯನ್ನು ಮೆಚ್ಚುವವರೂ ಈ ಪ್ರಶ್ನೆಯನ್ನು ಬದಿಗಿರಿಸುವಂತಿಲ್ಲ.

ನೀರು, ಇಸವಿ, ಸೊನ್ನೆ

ಗೋಡೆಯ ಬಳಿಕ ಮಾಯಾ ಲಿನ್ ಅವರು ಓದಿಗೆ ಮರಳಿ 1986ರಲ್ಲಿ ಯೇಲ್‌ನಿಂದ ವಾಸ್ತುಶಿಲ್ಪದ ಸ್ನಾತಕೋತ್ತರ ಪದವಿ ಪಡೆದರು. ಸ್ಮಾರಕ ಕಟ್ಟುವವರೆಂಬ ಮುದ್ರೆ ಬೀಳಬಾರದೆಂದು ಅವರು ಬಯಸಿದ್ದರೂ ಅಲಬಾಮಾ ರಾಜ್ಯದ ಮಾಂಟ್ಗೊಮರಿಯಿಂದ ಬಂದ ಕರೆಯನ್ನು ಒಪ್ಪಿಕೊಂಡರು. ಜನಾಂಗೀಯ ಸಮಾನತೆಯ ಹೋರಾಟದಲ್ಲಿ ಪ್ರಾಣತೆತ್ತವರ ಸ್ಮಾರಕ ಅಲ್ಲಿ 1989ರಲ್ಲಿ ಸಿದ್ಧವಾಯಿತು. ಕಪ್ಪು ಗ್ರಾನೈಟ್‌ನ ದುಂಡುಮೇಜಿನ ಅಂಚಿನ ಸುತ್ತ, ಗಡಿಯಾರದ ಅಂಕಗಳಂತೆ, ಹೋರಾಟದ ಘಟನೆಗಳೂ ಮಡಿದವರ ಹೆಸರುಗಳೂ ಇಸವಿಯ ಕ್ರಮದಲ್ಲಿವೆ. ಆರಂಭ 1954, ಶಾಲೆಗಳಲ್ಲಿ ಬಿಳಿಯರನ್ನೂ ಕರಿಯರನ್ನೂ ಬೇರ್ಪಡಿಸುವುದು ಕಾನೂನುಬಾಹಿರವೆಂಬ ಸರ್ವೋಚ್ಚ ನ್ಯಾಯಾಲಯದ ತೀರ್ಪು. ಕೊನೆ 1968, ಮಾರ್ಟಿನ್ ಲೂಥರ್ ಕಿಂಗ್ ಅವರ ಹತ್ಯೆ. ಈ ಎರಡರ ನಡುವೆ ವೃತ್ತ ಕೂಡುವುದಿಲ್ಲ. ಅಲ್ಲೊಂದು ಬರಿದಾದ ಜಾಗವಿದೆ: 1954ಕ್ಕೆ ಮುಂಚಿನ ಹೋರಾಟಕ್ಕೂ 1968ರ ಮುಂದಿನದಕ್ಕೂ ಬಿಟ್ಟ ಸ್ಥಳ ಅದು. ವಾಷಿಂಗ್ಟನ್‌ನಲ್ಲಿ ಕೂಡಿದ ವೃತ್ತ ಇಲ್ಲಿ ತೆರೆದೇ ಉಳಿದಿರುವುದು ವಿಚಾರಪೂರ್ವಕವಾದದ್ದು. ಆ ಯುದ್ಧ ಮುಗಿದಿತ್ತು. ಈ ಹೋರಾಟ ಮುಗಿದಿಲ್ಲ.

ಮೇಜಿನ ಮೇಲೆ ತೆಳುವಾದ ನೀರು ಸದಾ ಹರಿಯುತ್ತದೆ. ನ್ಯಾಯವನ್ನು ಹರಿಯುವ ನೀರಿಗೆ ಹೋಲಿಸುವ, ಕಿಂಗ್ ಅವರು ತಮ್ಮ ಭಾಷಣದಲ್ಲಿ ಬೈಬಲಿನಿಂದ ಎತ್ತಿಕೊಂಡ ಮಾತು ಹಿಂದಿನ ಗೋಡೆಯ ಮೇಲಿದೆ. ಕಲ್ಲಿನ ಹೆಸರನ್ನು ಮುಟ್ಟಲು ಹೋದವರ ಬೆರಳು ನೀರನ್ನು ಸೀಳುತ್ತದೆ. ಬೆರಳೆತ್ತಿದೊಡನೆ ನೀರು ಮತ್ತೆ ಕೂಡುತ್ತದೆ.

1993ರಲ್ಲಿ ಅವರು ಯೇಲ್‌ನಲ್ಲಿಯೇ ಮಹಿಳೆಯರ ಮೇಜು ಎಂಬ ಕೃತಿಯನ್ನು ರಚಿಸಿದರು. ಇಲ್ಲಿ ಹೆಸರುಗಳೂ ಇಲ್ಲ, ಅಂಕಿಗಳು ಮಾತ್ರ. ಮೇಜಿನ ಮೇಲೆ ನೀರು ಚಿಮ್ಮುವ ಬಿಂದುವಿನಿಂದ ಸುರುಳಿಯಾಗಿ ಹೊರಡುವ ಸಾಲಿನಲ್ಲಿ, 1701ರಲ್ಲಿ ಸ್ಥಾಪನೆಯಾದ ಆ ವಿದ್ಯಾಸಂಸ್ಥೆಯಲ್ಲಿ ವರ್ಷವರ್ಷವೂ ಓದುತ್ತಿದ್ದ ಮಹಿಳೆಯರ ಸಂಖ್ಯೆಯಿದೆ. ಸಾಲು ಸೊನ್ನೆಯಿಂದ ಆರಂಭವಾಗುತ್ತದೆ. ಸೊನ್ನೆ, ಸೊನ್ನೆ, ಸೊನ್ನೆ ಎಂದು ಅದು ಬಹುದೂರ ಹಾಗೆಯೇ ಸಾಗುತ್ತದೆ. ಯಾವ ಆರೋಪವನ್ನೂ ಬರೆಯದೆ, ಯಾರನ್ನೂ ದೂರದೆ, ಆ ಸೊನ್ನೆಗಳ ಉದ್ದವೇ ಚರಿತ್ರೆಯನ್ನು ಹೇಳುತ್ತದೆ. ಪದವಿಪೂರ್ವ ಸ್ನಾತಕರ ಕಾಲೇಜಿಗೆ ಅಲ್ಲಿ ಮಹಿಳೆಯರ ಪ್ರವೇಶವಾದದ್ದು 1969ರಲ್ಲಿ. ಲಿನ್ ಅವರು ಅಲ್ಲಿಗೆ ಕಾಲಿಟ್ಟದ್ದು ಅದಾಗಿ ಹತ್ತು ವರ್ಷವೂ ತುಂಬುವ ಮೊದಲು.

ನೆಲದ ಅಲೆಗಳು ಮತ್ತು ಕೊನೆಯ ಸ್ಮಾರಕ

ಕಲೆ, ವಾಸ್ತುಶಿಲ್ಪ, ಸ್ಮಾರಕ ಈ ಮೂರನ್ನೂ ಮೂರು ಕಾಲಿನ ಪೀಠದಂತೆ ಸಮವಾಗಿ ಕಾಣುವುದು ಮಾಯಾ ಲಿನ್ ಅವರ ರೂಢಿ. ನ್ಯೂಯಾರ್ಕ್‌ನಲ್ಲಿ 2009ರಲ್ಲಿ ತೆರೆದ, ಅಮೆರಿಕದ ಚೀನೀಯರ ವಸ್ತುಸಂಗ್ರಹಾಲಯದ ವಿನ್ಯಾಸ ಅವರದೇ. ಆದರೆ ಅವರ ನಡುಹರೆಯದ ಮುಖ್ಯ ಕೃತಿಗಳು ನೆಲದಲ್ಲಿವೆ. ಮಿಷಿಗನ್ ವಿಶ್ವವಿದ್ಯಾಲಯದ ವಿಮಾನ ತಂತ್ರಜ್ಞಾನ ಕಟ್ಟಡದ ಪಕ್ಕದಲ್ಲಿ 1995ರಲ್ಲಿ, ನೀರಿನ ಅಲೆಯ ಚಿತ್ರವೊಂದನ್ನು ಆಧರಿಸಿ, ಮಣ್ಣು ಮತ್ತು ಹುಲ್ಲಿನಿಂದ ಅಲೆಗಳ ಬಯಲನ್ನು ರಚಿಸಿದರು. ನ್ಯೂಯಾರ್ಕ್ ರಾಜ್ಯದ ಸ್ಟಾರ್ಮ್ ಕಿಂಗ್ ಕಲಾಕೇಂದ್ರದಲ್ಲಿ ಜಲ್ಲಿಕಲ್ಲು ತೆಗೆದು ಬರಿದಾಗಿದ್ದ ಗುಂಡಿಯನ್ನು ಏಳು ಸಾಲು ಹಸಿರು ಅಲೆಗಳಾಗಿ ಪರಿವರ್ತಿಸಿದರು; ಅದು 2009ರಲ್ಲಿ ಜನರಿಗೆ ತೆರೆಯಿತು. ಅಲೆಗಳ ನಡುವೆ ನಿಂತ ಮನುಷ್ಯನಿಗೆ ಪಕ್ಕದ ಸಾಲಿನಲ್ಲಿರುವವರು ಕಾಣುವುದಿಲ್ಲ. ಗೋಡೆಯ ಬಳಿ ಇಳಿಯುತ್ತ ಹೋದ ಅನುಭವಕ್ಕೆ ಇದು ಸೋದರಿ. ಸಾವಿರಾರು ಗುಂಡುಸೂಜಿಗಳನ್ನು ಗೋಡೆಗೆ ಚುಚ್ಚಿ ನದಿಯ ಹರಿವನ್ನು ಬಿಡಿಸುವುದು, ಮ‌ರುಬಳಕೆಯ ಬೆಳ್ಳಿಯನ್ನು ಎರಕಹೊಯ್ದು ನದಿಜಾಲವನ್ನು ರೂಪಿಸುವುದು ಇದೇ ಕಾಲದ ಪ್ರಯೋಗಗಳು.

2009ರಲ್ಲಿ ಅವರು 'ಕಾಣೆಯಾದದ್ದೇನು?' ಎಂಬರ್ಥದ ಹೆಸರಿನ ಯೋಜನೆಯನ್ನು ಆರಂಭಿಸಿ, ಇದೇ ತಮ್ಮ ಕೊನೆಯ ಸ್ಮಾರಕವೆಂದು ಸಾರಿದರು. ಅಳಿದುಹೋದ ಮತ್ತು ಅಳಿವಿನಂಚಿನಲ್ಲಿರುವ ಜೀವಿಗಳ ಸ್ಮಾರಕವದು. ಅದಕ್ಕೆ ಒಂದೇ ಜಾಗವಿಲ್ಲ, ಒಂದೇ ಕಲ್ಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೊದ ವಿಜ್ಞಾನ ಅಕಾಡೆಮಿಯಲ್ಲಿ ಕಿವಿಗೊಟ್ಟು ಕೇಳುವ ಕಂಚಿನ ಶಂಕು ಅದರ ಒಂದು ಭಾಗ. ಜನರು ತಮ್ಮ ಊರಿನಲ್ಲಿ ಕಣ್ಮರೆಯಾದ ಪ್ರಾಣಿ, ಪಕ್ಷಿ, ಹೊಳೆಗಳ ನೆನಪನ್ನು ಬರೆದು ಸೇರಿಸಬಹುದಾದ ಅಂತರಜಾಲದ ಸಂಗ್ರಹ ಇನ್ನೊಂದು ಭಾಗ. 2021ರಲ್ಲಿ ನ್ಯೂಯಾರ್ಕ್‌ನ ಮ್ಯಾಡಿಸನ್ ಚೌಕದ ಉದ್ಯಾನದಲ್ಲಿ 49 ಸತ್ತ ದೇವದಾರು ಜಾತಿಯ ಮರಗಳನ್ನು ನಿಲ್ಲಿಸಿದರು. ಕಡಲಿನ ಉಪ್ಪುನೀರು ಒಳನುಗ್ಗಿ ಒಣಗಿದ, ನ್ಯೂಜೆರ್ಸಿಯ ಕಾಡಿನ ಮರಗಳವು. ಸುತ್ತಲ ಜೀವಂತ ಮರಗಳು ಆ ಬೇಸಿಗೆಯಲ್ಲಿ ಹಸಿರಾಗುತ್ತಿದ್ದರೆ ಇವು ಬೂದುಬಣ್ಣದಲ್ಲಿ ನಿಂತೇ ಇದ್ದವು.

ಉಪಸಂಹಾರ

2009ನೆಯ ಸಾಲಿನ ರಾಷ್ಟ್ರೀಯ ಕಲಾಪದಕವೂ 2016ರಲ್ಲಿ ರಾಷ್ಟ್ರಾಧ್ಯಕ್ಷರ ಸ್ವಾತಂತ್ರ್ಯ ಪದಕವೂ ಮಾಯಾ ಲಿನ್ ಅವರಿಗೆ ಸಂದಿವೆ. ಅವರ ಬದುಕನ್ನು ಕುರಿತ ಸಾಕ್ಷ್ಯಚಿತ್ರ 1995ರಲ್ಲಿ ಆಸ್ಕರ್ ಪ್ರಶಸ್ತಿ ಪಡೆದಿದೆ. ಒಂದು ಕಾಲಕ್ಕೆ ಅವಮಾನವೆಂದು ಜರೆದ ಗೋಡೆ ಇಂದು ವಾಷಿಂಗ್ಟನ್‌ನಲ್ಲಿ ಅತಿ ಹೆಚ್ಚು ಜನ ಭೇಟಿಕೊಡುವ ಸ್ಮಾರಕಗಳಲ್ಲಿ ಒಂದು.

ಈ ಕಲಾಜೀವನವನ್ನು ಸಮಗ್ರವಾಗಿ ನೋಡಿದಾಗ, ಹೆಸರು, ಇಸವಿ, ಸೊನ್ನೆ, ಮರ ಹೀಗೆ ಪಟ್ಟಿಯ ವಸ್ತು ಬದಲಾಗುತ್ತ ಬಂದರೂ ನಡೆ ಒಂದೇ ಎಂಬುದು ತಿಳಿಯುತ್ತದೆ. ಮೊದಲ ಪಟ್ಟಿಯಲ್ಲಿ ಒಂದು ರಾಷ್ಟ್ರದ ಸತ್ತವರು ಮಾತ್ರ ಇದ್ದರು. ಕೊನೆಯ ಪಟ್ಟಿಯಲ್ಲಿ ಹೆಸರನ್ನೇ ಇಟ್ಟುಕೊಳ್ಳಲಾರದ ಜೀವಜಾತಿಗಳಿವೆ. ಯಾರ ಹೆಸರನ್ನು ಕೆತ್ತಬೇಕು, ಯಾವ ಕ್ರಮದಲ್ಲಿ ಕೆತ್ತಬೇಕು, ಎಷ್ಟನ್ನು ಹೇಳದೆ ಬಿಡಬೇಕು ಎಂಬ ಮೂರು ಪ್ರಶ್ನೆಗಳು ಶಾಸನಕವಿಗೂ ಇದ್ದವು. ತಮ್ಮ ಊರಿನ ಗುಡಿಯ ಬಳಿ ಅರ್ಧ ಹೂತುಹೋದ ವೀರಗಲ್ಲನ್ನು ಕಂಡಾಗ ವಿದ್ಯಾರ್ಥಿಗಳು ಈ ಮೂರು ಪ್ರಶ್ನೆಗಳನ್ನು ಕೇಳಿಕೊಂಡರೆ ಕಲ್ಲು ಪಠ್ಯವಾಗುತ್ತದೆ.

ಅಭ್ಯಾಸಕ್ಕಾಗಿ

1. ಅಕಾರಾದಿ ಕ್ರಮಕ್ಕೂ ಕಾಲಾನುಕ್ರಮಕ್ಕೂ ಇರುವ ವ್ಯತ್ಯಾಸ ಸ್ಮಾರಕದ ಅರ್ಥವನ್ನು ಹೇಗೆ ಬದಲಿಸುತ್ತದೆ? ವಿವರಿಸಿ.

2. ವಾಷಿಂಗ್ಟನ್‌ನ ಗೋಡೆಯಲ್ಲಿ ವೃತ್ತ ಕೂಡುತ್ತದೆ, ಮಾಂಟ್ಗೊಮರಿಯ ಮೇಜಿನಲ್ಲಿ ಕೂಡುವುದಿಲ್ಲ. ಈ ವ್ಯತ್ಯಾಸದ ಔಚಿತ್ಯವನ್ನು ಚರ್ಚಿಸಿ.

3. ಧ್ವನಿತತ್ತ್ವದ ಬೆಳಕಿನಲ್ಲಿ 'ಮಹಿಳೆಯರ ಮೇಜು' ಕೃತಿಯ ಸೊನ್ನೆಗಳನ್ನು ಅರ್ಥೈಸಿ.

4. ಸ್ಮಾರಕದ ಪಟ್ಟಿಯಿಂದ ಹೊರಗುಳಿದವರ ಬಗ್ಗೆ ಕ್ರಿಸ್ ಬರ್ಡನ್ ಅವರ ಕೃತಿ ಎತ್ತುವ ಪ್ರಶ್ನೆಯೇನು? ವೀರಗಲ್ಲುಗಳಿಗೂ ಆ ಪ್ರಶ್ನೆ ಅನ್ವಯಿಸುವುದೇ?

5. ನಿಮ್ಮ ಊರಿನ ಅಥವಾ ನೆರೆಯೂರಿನ ಒಂದು ವೀರಗಲ್ಲು ಇಲ್ಲವೆ ಮಾಸ್ತಿಕಲ್ಲನ್ನು ನೋಡಿ, ಅದರ ಪಟ್ಟಿಕೆಗಳನ್ನೂ ಬರಹವಿದ್ದರೆ ಅದರ ಸಾಲುಗಳನ್ನೂ ಗುರುತುಮಾಡಿಕೊಂಡು ಒಂದು ಪುಟದ ಟಿಪ್ಪಣಿ ಬರೆಯಿರಿ.